ಲೈಸೆನ್ಸಿನಲ್ಲಿ ಎರಡು ಬಂದೂಕು ಆಗಲೇ ಇವೆ, ಅಭ್ಯಾಸಕ್ಕೆ .22 ಬೇಕು: ಕಿಟ್ ಹಾಕಿಸಬೇಕೋ, ಬೇರೆ ರೈಫಲ್ ಕೊಳ್ಳಬೇಕೋ?

ಪ್ರಶ್ನೆ: ನಾನು ಹಾನಗಲ್ ತಾಲ್ಲೂಕಿನ ರೈತ. ನನ್ನ ಲೈಸೆನ್ಸಿನಲ್ಲಿ ಎರಡು ಬಂದೂಕು ಇವೆ. ಒಂದು ತಂದೆಯವರಿಂದ ಬಂದ .315 ರೈಫಲ್, ಇನ್ನೊಂದು 12 ಬೋರಿನ ಜೋಡುನಳಿಗೆ. ಮೊದಲು ಒಂದು ಹಳೆ .22 ಕೂಡ ಇತ್ತು. ಎರಡಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ ಅಂತ ಕಾನೂನು ಬಂದಾಗ ಅದನ್ನು ಒಪ್ಪಿಸಿಬಿಟ್ಟೆವು. ಈಗ ಗುರಿ ಅಭ್ಯಾಸ ಮಾಡುವ ಮನಸ್ಸಾಗಿದೆ. .315 ತೋಟಾ ತುಟ್ಟಿ, ಭುಜಕ್ಕೆ ಒದೆತವೂ ಜಾಸ್ತಿ. ದೊಡ್ಡ ರೈಫಲ್ಲಿಗೆ .22 ಕನ್ವರ್ಶನ್ ಕಿಟ್ (ಅದೇ ರೈಫಲ್ಲಿನಿಂದ ಸಣ್ಣ .22 ತೋಟಾ ಹಾರಿಸುವ ಹಾಗೆ ಮಾಡುವ ಬಿಡಿಭಾಗಗಳು) ಹಾಕಿ ಹೊಡೆಯುವ ವಿಡಿಯೋ ನೋಡಿದೆ. ಅಂಥದ್ದನ್ನು ನನ್ನ .315ಗೆ ಹಾಕಿಸಿಕೊಂಡರೆ ಮೂರನೇ ಬಂದೂಕಿನ ಗೊಡವೆ ಇರುವುದಿಲ್ಲ ಅಲ್ವಾ ಸರ್? ಅಥವಾ ಇರುವುದರಲ್ಲಿ ಒಂದನ್ನು ಕೊಟ್ಟು .22 ಕೊಳ್ಳುವುದು ವಾಸಿಯೇ? ಮಗಳು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ, ಎನ್‌ಸಿಸಿಯಲ್ಲಿದ್ದಾಳೆ. ಅವಳಿಗೂ ಆಸಕ್ತಿ ಇದೆ.

ಉತ್ತರ: ನಿಮ್ಮ .315ಗೆ ಕಿಟ್ ಬೇಡ. ಬೇರೆ .22 ರೈಫಲ್ಲೇ ಸರಿ. ಆದರೆ ಅದನ್ನೂ ನಾಳೆಯೇ ಕೊಳ್ಳುವ ಅವಸರ ಮಾಡಬೇಡಿ. ಮೊದಲು ಮಾನ್ಯತೆ ಇರುವ ಒಂದು ರೈಫಲ್ ಕ್ಲಬ್ಬಿನ ಸದಸ್ಯರಾಗಿ, ಅಲ್ಲಿನ .22ರಲ್ಲಿ ಕೆಲವು ತಿಂಗಳು ಹೊಡೆಯಿರಿ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ. ಇದೇ ಪ್ರಶ್ನೆ ಹಾವೇರಿ, ಗದಗ ಕಡೆಯ ಬೇರೆ ಲೈಸೆನ್ಸುದಾರರ ಮನಸ್ಸಿನಲ್ಲೂ ಇರುತ್ತದೆ.

ಮೊದಲು ಕಾನೂನಿನ ಮಾತು. ಕಿಟ್ ಹಾಕಿದರೆ ಮೂರನೇ ಬಂದೂಕಿನ ಗೊಡವೆ ತಪ್ಪುತ್ತದೆ ಅಂದುಕೊಂಡಿದ್ದೀರಿ. ಗೊಡವೆ ಅಲ್ಲಿಂದಲೇ ಶುರುವಾಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕಿನ ಬಿಡಿಭಾಗವೂ ಶಸ್ತ್ರಾಸ್ತ್ರವೇ. ನಳಿಗೆ, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಇವನ್ನು ಮೋಟಾರ್‌ಸೈಕಲ್ಲಿನ ಸ್ಪೇರ್ ಪಾರ್ಟ್ ತರಿಸಿದ ಹಾಗೆ ಪಾರ್ಸಲ್ಲಿನಲ್ಲಿ ತರಿಸುವಂತಿಲ್ಲ. ಹೊರದೇಶದಿಂದ ತರಿಸಲು ಆಮದು ಪರವಾನಗಿ ಬೇಕು. ಅದಿಲ್ಲದೆ ಆರ್ಡರ್ ಮಾಡಿದರೆ ಕಸ್ಟಮ್ಸಿನಲ್ಲಿ ಹಿಡಿಯುತ್ತಾರೆ, ಪೆಟ್ಟಿಗೆಯ ಮೇಲೆ ನಿಮ್ಮದೇ ಹೆಸರು, ವಿಳಾಸ ಇರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಬಂದೂಕುಗಳನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ವರ್ಗಗಳಾಗಿ ವಿಂಗಡಿಸಿವೆ. .22 ರಿಮ್‌ಫೈರ್ (ಪಿನ್ ತೋಟಾದ ಅಂಚಿಗೆ ಹೊಡೆಯುವ) ರೈಫಲ್ ಒಂದು ಕಡೆ, ಅದಕ್ಕಿಂತ ದೊಡ್ಡ ಬೋರಿನ, ಅಂದರೆ ನಳಿಗೆಯ ಒಳ ಅಗಲ ಹೆಚ್ಚಿರುವ ರೈಫಲ್ ಇನ್ನೊಂದು ಕಡೆ; .22, .315 ಅನ್ನುವುದು ಇಂಚಿನಲ್ಲಿ ಆ ಅಗಲವೇ. 2019ರ ಡಿಸೆಂಬರಿನಲ್ಲಿ ಕಾಯ್ದೆಗೆ ಬಂದ ತಿದ್ದುಪಡಿ ನಿಮ್ಮ ಮೂರನೇ ಬಂದೂಕನ್ನು ಬಿಡಿಸಿತು. ಆ ಭಾಗ ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿ 6ನೇ ಕಲಮನ್ನೂ ಬದಲಿಸಿತು, ಅದನ್ನು ಗಮನಿಸಿದವರು ಕಡಿಮೆ. ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದಕ್ಕೂ ಈಗ ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ .315ರಿಂದ .22 ತೋಟಾ ಹಾರಿಸುವ ಹಾಗೆ ಮಾಡುವುದು ಸರಿಯಾಗಿ ಇದೇ ಕೆಲಸ. ಪರವಾನಗಿ ಇಲ್ಲದೆ ಮಾಡಿದರೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ತೆಗೆದು ಹಾಕಬಹುದಾದ ಕಿಟ್ ಸ್ವಾಮಿ, ಬಂದೂಕಿಗೆ ಏನೂ ಮಾಡಿಲ್ಲ ಅನ್ನುವ ವಾದ ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆ ಅಂತ ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಬೇಡ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಕಣ್ಣಳತೆಯಲ್ಲೇ ಏನು ಬೇಕಾದರೂ ಮಾಡಿಕೊಡುವ ಲೇತ್ ಕೆಲಸಗಾರರಿದ್ದಾರೆ. ಅವರ ಕೈಚಳಕದ ಬಗ್ಗೆ ನನಗೆ ಗೌರವ ಇದೆ. ಆದರೆ ಬಂದೂಕಿನ ಯಾವ ಭಾಗವನ್ನೂ ಅವರ ಹತ್ತಿರ ಒಯ್ಯಬೇಡಿ, ಅಳತೆಯನ್ನೂ ಕೊಡಬೇಡಿ. ರಿಪೇರಿಗೂ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರವೇ ಹೋಗಬೇಕು. ಇಲ್ಲದಿದ್ದರೆ ನಿಮ್ಮ ಜೊತೆ ಆ ಬಡಪಾಯಿಯೂ ಸಿಕ್ಕಿಕೊಳ್ಳುತ್ತಾನೆ.

ಕಾನೂನು ಒಂದು ಪಕ್ಷ ಅಡ್ಡ ಬರದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಕಾರಣ ಆ ರೈಫಲ್ಲಿನ ಒಳಗೇ ಇದೆ.

ವಿಡಿಯೋದಲ್ಲಿ ನೀವು ನೋಡಿದ್ದು ಬಹುತೇಕ ಅಮೆರಿಕದ ಎಆರ್-15 ಜಾತಿಯ ರೈಫಲ್. ಅದರ 5.56 ತೋಟಾದ ಗುಂಡೂ, .22 ಲಾಂಗ್ ರೈಫಲ್ ತೋಟಾದ ಗುಂಡೂ ದಪ್ಪದಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸ. ಎರಡೂ ಸುಮಾರು 5.7 ಮಿಲಿಮೀಟರ್. ಅಂದರೆ ನಳಿಗೆ ಬದಲಿಸುವ ಅಗತ್ಯವೇ ಇಲ್ಲ. ಬೋಲ್ಟ್ ತೆಗೆದು ಕಿಟ್ಟಿನ ಬೋಲ್ಟ್ ಕೂರಿಸಿ, ಬೇರೆ ಮ್ಯಾಗಜಿನ್ ಹಾಕಿದರೆ ಆಯಿತು. ಅರ್ಧ ನಿಮಿಷದ ಕೆಲಸ. ಆ ರೈಫಲ್ಲಿನ ವಿನ್ಯಾಸ ಆಕಸ್ಮಿಕವಾಗಿ ಇದಕ್ಕೆ ಅನುಕೂಲವಾಯಿತು. ಅಮೆರಿಕದ ಸೇನೆಯೂ ಎಂ-16 ರೈಫಲ್ಲಿನ ತರಬೇತಿಗೆ ಎಂ-261 ಅನ್ನುವ ಇಂಥದ್ದೇ ಕಿಟ್ ಇಟ್ಟುಕೊಂಡಿತ್ತು.

ನಿಮ್ಮ .315ರ ನಳಿಗೆ ಸುಮಾರು 8 ಮಿಲಿಮೀಟರಿನದು. ಅದರಲ್ಲಿ 5.7ರ ಗುಂಡು ಬಿಟ್ಟರೆ ಗೋಡೆಗೆ ತಾಗದೆ ಅಲುಗಾಡಿಕೊಂಡು ಹೋಗುತ್ತದೆ. ತಿರುಗುವುದಿಲ್ಲ, ಹಾಗಾಗಿ ನೇರವಾಗಿಯೂ ಹೋಗುವುದಿಲ್ಲ. ಪಕ್ಕದಿಂದ ಗ್ಯಾಸ್ ಸೋರುವುದರಿಂದ ಗುಂಡು ನಳಿಗೆಯಲ್ಲೇ ನಿಂತುಹೋದರೂ ಆಶ್ಚರ್ಯ ಇಲ್ಲ. ಅದನ್ನು ಗಮನಿಸದೆ ಮುಂದಿನ ಸಲ .315 ತೋಟಾ ಹಾರಿಸಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಸರಿಯಾಗಿ ಕೆಲಸ ಮಾಡಬೇಕಾದರೆ ಒಳಗೆ ಗುಂಡನ್ನು ತಿರುಗಿಸುವ ಸ್ವಂತ ಗೀರುಗಳಿರುವ ಇನ್ನೊಂದು ಪೂರ್ತಿ ನಳಿಗೆಯೇ ಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. .315 ತೋಟಾದ ಕ್ಯಾಪ್ ಹಿಂಭಾಗದ ನಡುವೆ ಇರುತ್ತದೆ. ಅದಕ್ಕೇ ಫೈರಿಂಗ್ ಪಿನ್ ನಟ್ಟನಡುವೆ ಹೊಡೆಯುತ್ತದೆ. .22ರಲ್ಲಿ ಕ್ಯಾಪ್ ಅಂತ ಬೇರೆ ಇಲ್ಲ. ಹೊತ್ತಿಕೊಳ್ಳುವ ಮದ್ದನ್ನು ತೋಟಾದ ತಳದ ಅಂಚಿನ ಮಡಿಕೆಯೊಳಗೆ ತುಂಬಿರುತ್ತಾರೆ, ಪಿನ್ ಆ ಅಂಚನ್ನೇ ಜಜ್ಜಬೇಕು. ಅಂದರೆ ನಿಮ್ಮ ಬೋಲ್ಟಿನ ಪಿನ್ ತಪ್ಪು ಜಾಗಕ್ಕೆ ಹೊಡೆಯುತ್ತದೆ. ನಳಿಗೆ ಬೇರೆ, ಬೋಲ್ಟ್ ಬೇರೆ, ಖಾಲಿ ಕೇಸ್ ಎಳೆಯುವ ಕೊಕ್ಕೆ ಬೇರೆ, ಮ್ಯಾಗಜಿನ್ ಬೇರೆ. ಕೊನೆಗೆ ಉಳಿಯುವುದು ಭುಜಕ್ಕೆ ಆನಿಸುವ ಮರದ ಕುಂದ ಮತ್ತು ಟ್ರಿಗರ್. ಇಷ್ಟನ್ನು ಬದಲಿಸುವ ಬದಲು ಒಂದು .22 ರೈಫಲ್ಲೇ ಕೊಳ್ಳಬಹುದಲ್ಲ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಬ್ರಿಟಿಷರ ಸೇನೆ ಇದೇ ದಾರಿಯನ್ನು ನಡೆದು ನೋಡಿದೆ. 19ನೇ ಶತಮಾನದ ಕೊನೆಯಲ್ಲಿ ಅವರು ದೊಡ್ಡ ರೈಫಲ್ಲಿನ ನಳಿಗೆಯೊಳಗೆ ತೂರಿಸುವ ಸಣ್ಣ ನಳಿಗೆಯನ್ನು ತರಬೇತಿಗೆ ಬಳಸಿದರು. ಅದನ್ನು ಮಾರಿಸ್ ಟ್ಯೂಬ್ ಅನ್ನುತ್ತಿದ್ದರು. ಜರ್ಮನರೂ ಮೌಸರ್ ರೈಫಲ್ಲಿಗೆ ಎರ್ಮಾ ಕಂಪನಿಯ ಒಳನಳಿಗೆ ಮಾಡಿಸಿಕೊಂಡಿದ್ದರು. ಆದರೆ ಬ್ರಿಟಿಷರು ಕೊನೆಗೆ ತೆಗೆದು ಹಾಕುವ ಕಿಟ್ಟಿನ ಸಹವಾಸ ಬಿಟ್ಟು, .303 ಲೀ-ಎನ್‌ಫೀಲ್ಡ್ ರೈಫಲ್ಲುಗಳನ್ನೇ ಕಾಯಂ ಆಗಿ .22 ಮಾಡಿ ತರಬೇತಿಗೆ ಇಟ್ಟರು. ನಮ್ಮ ಎನ್‌ಸಿಸಿಯಲ್ಲಿ ಹಳೆಯ ತಲೆಮಾರಿನವರು ಹೊತ್ತ ಆ ಭಾರದ .22 ನಂಬರ್ 2 ರೈಫಲ್ ಇದೇ ವಂಶದ್ದು. ಹೊರಗಿನಿಂದ ನೋಡಿದರೆ ಪೂರ್ತಿ ಸೈನಿಕರ ರೈಫಲ್, ಒಳಗೆ .22 ನಳಿಗೆ, ಅದಕ್ಕೆ ತಕ್ಕ ಬೋಲ್ಟಿನ ತಲೆ. ಲಕ್ಷಾಂತರ ಜನರಿಗೆ ಗುರಿ ಕಲಿಸಬೇಕಾದವರು ಕೊನೆಗೆ ಆರಿಸಿದ್ದು .22ಗೇ ಮೀಸಲಾದ ರೈಫಲ್.

ನಿಮ್ಮ .315 ಕೂಡ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್ ಇರುವ ಬಂದೂಕೇ. ಸೇನೆಯ .303 ನಾಗರಿಕರ ಕೈಗೆ ಹೋಗಬಾರದು ಅಂತ ಬ್ರಿಟಿಷ್ ಸರ್ಕಾರ ನಿಷೇಧ ಹಾಕಿತ್ತು. ಹಾಗಾಗಿ ಬೇಟೆಗಾರರಿಗೆ ಬೇರೆ ತೋಟಾ ಬೇಕಾಯಿತು. ಆಸ್ಟ್ರಿಯಾದ ಮಾನ್‌ಲಿಕರ್ 8 ಮಿಲಿಮೀಟರ್ ತೋಟಾ ನಮ್ಮಲ್ಲಿ .315 ಆಗಿ ಉಳಿದದ್ದು ಹೀಗೆ. ಭಾರದ ಗುಂಡು, ಸುಮಾರು 16 ಗ್ರಾಂ. .22ರ ಗುಂಡು 2.6 ಗ್ರಾಂ ಅಷ್ಟೇ. ಒದೆತದ ವ್ಯತ್ಯಾಸ ಎಲ್ಲಿಂದ ಬಂತು ಅಂತ ಈ ಎರಡು ಅಂಕಿಗಳೇ ಹೇಳುತ್ತವೆ.

ಹಾಗಾದರೆ ಕಿಟ್ ಅನ್ನುವುದೇ ದಂಡವೇ? ಅಲ್ಲ. ಕಾನೂನು ಒಪ್ಪುವ ದೇಶದಲ್ಲಿ, ಬೋರ್ ಹೊಂದುವ ಬಂದೂಕಿನಲ್ಲಿ ಕಿಟ್ಟಿಗೆ ಒಂದು ನಿಜವಾದ ಗುಣ ಇದೆ. ಅದೇ ಟ್ರಿಗರ್, ಅದೇ ಸೈಟ್, ಅದೇ ಸೇಫ್ಟಿ ಗುಂಡಿ, ಹೆಚ್ಚುಕಮ್ಮಿ ಅದೇ ತೂಕ. ಕೈ ಬೇರೆ ಯಾವುದನ್ನೂ ಕಲಿಯಬೇಕಾಗಿಲ್ಲ. ನಿತ್ಯ ಒಂದೇ ಬಂದೂಕು ಹಿಡಿಯಬೇಕಾದ ಪೊಲೀಸರಿಗೆ, ಸೈನಿಕರಿಗೆ ಇದು ದೊಡ್ಡ ಲಾಭ. ಕೆಲವು ಪಿಸ್ತೂಲುಗಳ ಕಿಟ್ಟಂತೂ ಬಹಳ ಚೆನ್ನಾಗಿವೆ, ಯಾಕೆಂದರೆ ಅವು ತಮ್ಮದೇ .22 ನಳಿಗೆ ಮತ್ತು ಸ್ಲೈಡ್ ಜೊತೆಗೇ ಬರುತ್ತವೆ. ಚೆಕ್ ದೇಶದ ಸಿಝಡ್-75 ಪಿಸ್ತೂಲಿನ ಕೆಡೆಟ್ ಕಿಟ್ ಅಂಥದ್ದು.

ರೈಫಲ್ ಕಿಟ್ಟಿನ ನಿಖರತೆ ಮಾತ್ರ ಇನ್ನೊಂದು ಕಥೆ. .22 ಗುಂಡಿಗೆ ಬೇಕಾದದ್ದು ಸುಮಾರು 16 ಇಂಚಿಗೆ ಒಂದು ಸುತ್ತು ತಿರುಗಿಸುವ ನಳಿಗೆ. ಎಆರ್ ನಳಿಗೆಗಳು 7ರಿಂದ 9 ಇಂಚಿಗೇ ಒಂದು ಸುತ್ತು ತಿರುಗಿಸುತ್ತವೆ, ಅದು ಉದ್ದನೆಯ 5.56 ಗುಂಡಿಗೆ ಬೇಕಾದ ತಿರುವು. ಮೆತ್ತನೆಯ ಸೀಸದ ಗುಂಡಿಗೆ ಇದು ಅತಿಯಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಗುಂಡಿನ ನೆಗೆತ. ಕಿಟ್ಟಿನ ಸಣ್ಣ ಚಾಂಬರಿನಿಂದ (ತೋಟಾ ಕೂರುವ ಗೂಡಿನಿಂದ) ಹೊರಬಿದ್ದ ಗುಂಡು ನಳಿಗೆಯ ಗೀರುಗಳನ್ನು ಮುಟ್ಟುವ ತನಕ ಆಧಾರ ಇಲ್ಲದೆ ಓಡಬೇಕು. ಒಮ್ಮೆ ಚೂರು ವಾರೆಯಾಗಿ ಹೊಕ್ಕರೆ ಮತ್ತೆ ಸರಿಹೋಗುವುದಿಲ್ಲ. ಒಳ್ಳೆಯ .22 ರೈಫಲ್ 50 ಗಜದಲ್ಲಿ ಒಂದು ಇಂಚಿನೊಳಗೆ ಐದು ಗುಂಡು ಹಾಕುವ ಕಡೆ, ಕಿಟ್ ಹಾಕಿದ ರೈಫಲ್ ಎರಡು ಮೂರು ಇಂಚಿಗೆ ಹರಡುವುದು ಸಾಮಾನ್ಯ. ಸೀಸದ ಪುಡಿ ಮತ್ತು ಮೇಣ ಗ್ಯಾಸ್ ದಾರಿಯಲ್ಲಿ ಕೂರುವುದು ಬೇರೆ.

ಈ ಎರಡು ಮೂರು ಇಂಚು ಕಲಿಯುವವನಿಗೆ ಯಾಕೆ ಮುಖ್ಯ? ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಭ್ಯಾಸ ಅಂದರೆ ಗುಂಡು ಖರ್ಚು ಮಾಡುವುದಲ್ಲ. ಪ್ರತಿ ಗುಂಡೂ ನಿಮಗೆ ಒಂದು ಸತ್ಯ ಹೇಳಬೇಕು: ಉಸಿರು ಹಿಡಿದದ್ದು ಸರಿಯೇ, ಟ್ರಿಗರ್ ಜಗ್ಗಿದೆನೋ ಒತ್ತಿದೆನೋ, ಕೆನ್ನೆ ಕುಂದದ ಮೇಲಿಂದ ಬೇಗ ಎದ್ದಿತೇ. ಬಂದೂಕೇ ಎರಡು ಇಂಚು ಹರಡಿದರೆ ತಪ್ಪು ನಿಮ್ಮದೋ ಅದರದೋ ಅಂತ ಗೊತ್ತೇ ಆಗುವುದಿಲ್ಲ. ಮೀಸಲು .22 ರೈಫಲ್ ಈ ವಿಷಯದಲ್ಲಿ ನಿಷ್ಠುರ ಮೇಷ್ಟ್ರು. ಅದರ ಗುಂಡು ನಿಧಾನದ್ದು. ಸ್ಟ್ಯಾಂಡರ್ಡ್ ತೋಟಾದಲ್ಲಿ ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್, ಶಬ್ದದ ವೇಗಕ್ಕಿಂತ ಚೂರು ಕಡಿಮೆ. ಹಾಗಾಗಿ ಟ್ರಿಗರ್ ಬಿದ್ದ ಮೇಲೂ ಗುಂಡು ನಳಿಗೆಯೊಳಗೆ ಜಾಸ್ತಿ ಹೊತ್ತು ಇರುತ್ತದೆ. ಆ ಕ್ಷಣದಲ್ಲಿ ನೀವು ಅಲುಗಿದರೆ ಟಾರ್ಗೆಟ್ ತೋರಿಸಿಕೊಡುತ್ತದೆ. .22ರಲ್ಲಿ ಹೊಡೆದ ಮೇಲೂ ಸ್ಥಿರವಾಗಿರಲು ಕಲಿತವನು .315ರಲ್ಲಿ ತಾನಾಗಿಯೇ ಚೆನ್ನಾಗಿ ಹೊಡೆಯುತ್ತಾನೆ.

ಗಾಳಿಯ ಪಾಠವೂ ಹಾಗೇ. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ 50 ಮೀಟರಿನಲ್ಲೇ .22 ಗುಂಡನ್ನು ಒಂದು ಇಂಚಿನಷ್ಟು ಸರಿಸುತ್ತದೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿರುವ ನಾಡು ನಮ್ಮದು. ಗಾಳಿ ಓದಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಊರು ಬೇಕೇ? ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆ ನಡೆಯುವುದು ಇದೇ .22ರಲ್ಲಿ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದರ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಪಕ್ಕದ ಕೊಲ್ಲಾಪುರ ಜಿಲ್ಲೆಯ ಹುಡುಗ. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ಹೊರತಂದ ಈ ಪುಟ್ಟ ತೋಟಾವನ್ನು ಮಕ್ಕಳ ಆಟಿಕೆ ಅಂದುಕೊಳ್ಳುವವರನ್ನು ಕಂಡರೆ ನನಗೆ ಬೇಸರ ಆಗುತ್ತದೆ.

ನಿಮ್ಮ ಸ್ವಂತ .315ರ ಟ್ರಿಗರ್ ಕೈಗೆ ರೂಢಿಯಾಗಬೇಕು, ಕಿಟ್ ಇಲ್ಲದೆ ಅದು ಹೇಗೆ ಅಂತ ಕೇಳಬಹುದು. ಖಾಲಿ ಅಭ್ಯಾಸ ಮಾಡಿ. ತೋಟಾಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡಿ. ಚಾಂಬರ್ ಖಾಲಿ ಇದೆ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಡಮ್ಮಿ ತೋಟಾ ಹಾಕಿ, ದಪ್ಪ ಗೋಡೆಯ ಕಡೆ ಗುರಿ ಹಿಡಿದು ಟ್ರಿಗರ್ ಒತ್ತಿ. ಸೈಟ್ ಅಲುಗದ ಹಾಗೆ ಪಿನ್ ಬೀಳಬೇಕು. ದಿನಕ್ಕೆ ಹತ್ತು ನಿಮಿಷ ಸಾಕು. ಖರ್ಚಿಲ್ಲ, ಒದೆತ ಇಲ್ಲ. ಕಿಟ್ ಕೊಡುವ ಲಾಭದಲ್ಲಿ ದೊಡ್ಡ ಪಾಲು ಇಲ್ಲೇ ಸಿಕ್ಕಿತು. ಆದರೆ .22 ರೈಫಲ್ಲಿನಲ್ಲಿ ಮಾತ್ರ ಸುಮ್ನೆ ಖಾಲಿ ಹೊಡೆಯಬೇಡಿ. ಅದರ ಪಿನ್ ಅಂಚಿಗೆ ಹೊಡೆಯುವುದರಿಂದ ತೋಟಾ ಇಲ್ಲದಿದ್ದರೆ ಚಾಂಬರಿನ ಬಾಯಿಗೇ ಬಡಿದು ಅಲ್ಲಿ ಜಜ್ಜಿದ ಗುರುತು ಬೀಳುತ್ತದೆ. ಅದಕ್ಕೂ .22 ಡಮ್ಮಿ ಬೇಕು.

ಈಗ ಎರಡರ ಮಿತಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಹಳೆ .22 ಒಪ್ಪಿಸಿದಾಗ ನೋಡದ ಒಂದು ಬಾಗಿಲು ಕಾಯ್ದೆಯಲ್ಲೇ ಇದೆ. 3ನೇ ಕಲಮಿನ 3ನೇ ಉಪಕಲಮು ಹೇಳುವುದು ಹೀಗೆ: ಕೇಂದ್ರ ಸರ್ಕಾರದ ಲೈಸೆನ್ಸ್ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ ಇಲ್ಲವೇ ರೈಫಲ್ ಸಂಘದ ಸದಸ್ಯ ಟಾರ್ಗೆಟ್ ಅಭ್ಯಾಸಕ್ಕೆ .22 ರೈಫಲ್ ಅಥವಾ ಏರ್ ರೈಫಲ್ ಬಳಸಿದರೆ ಅವನಿಗೆ ಈ ಮಿತಿ ಅನ್ವಯಿಸುವುದಿಲ್ಲ. ಕಾನೂನು ಮಾಡಿದವರೇ .22 ಅನ್ನು ಕಲಿಕೆಯ ಬಂದೂಕು ಅಂತ ಬೇರೆಯಾಗಿ ನೋಡಿದ್ದಾರೆ. ನೋಡಿ, ಕಿಟ್ಟಿನಿಂದ ಹುಡುಕುತ್ತಿದ್ದ ದಾರಿ ನೆಟ್ಟಗೆ ಇಲ್ಲೇ ಇತ್ತು.

ಆದರೆ ಈ ಸಾಲನ್ನು ಓದಿಕೊಂಡು ಸೀದಾ ಡೀಲರ್ ಅಂಗಡಿಗೆ ಹೋಗಬೇಡಿ. ಕ್ಲಬ್ಬಿನ ಮಾನ್ಯತೆಯ ಕಾಗದ ಕೇಳಿ ನೋಡಿ. ಬೋರ್ಡಿನ ಮೇಲೆ ರೈಫಲ್ ಕ್ಲಬ್ ಅಂತ ಬರೆದ ಮಾತ್ರಕ್ಕೆ ಆಗುವುದಿಲ್ಲ. ಸದಸ್ಯರಾದ ಮೇಲೆ ಕ್ಲಬ್ಬಿನ ರೈಫಲ್ಲಿನಲ್ಲೇ ಹೊಡೆಯಿರಿ. ಸ್ವಂತದ್ದು ಬೇಕೆನಿಸಿದರೆ ನಿಮ್ಮ ಲೈಸೆನ್ಸ್ ಕೊಟ್ಟ ಕಚೇರಿಗೆ ಲಿಖಿತ ಅರ್ಜಿ ಹಾಕಿ. ನಿಮಗೆ ಅದು ಹಾವೇರಿಯ ದೇವಗಿರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿ. ಹುಬ್ಬಳ್ಳಿ-ಧಾರವಾಡ ನಗರದವರಾದರೆ ಪೊಲೀಸ್ ಕಮಿಷನರ್ ಕಚೇರಿ. ಬಾಯಿಮಾತಿನ ಭರವಸೆ ಬೇಡ, ಉತ್ತರವೂ ಕಾಗದದಲ್ಲೇ ಇರಲಿ.

ಅಧಿಕಾರಿಗಳು ಮೂರನೆಯದಕ್ಕೆ ಒಪ್ಪದಿದ್ದರೆ? ಆಗ ಒಂದನ್ನು ಬಿಡಬೇಕು. ನನ್ನ ಸಲಹೆ ನಿಮಗೆ ರುಚಿಸಲಿಕ್ಕಿಲ್ಲ, ಆದರೂ ಹೇಳುತ್ತೇನೆ: .315 ಬಿಡಿ. ತಂದೆಯವರ ನೆನಪು ಅದರಲ್ಲಿದೆ ಅಂತ ಗೊತ್ತು. ಆದರೆ ಹಾನಗಲ್ಲಿನಂಥ ಕಡೆ, ಭತ್ತದ ಗದ್ದೆಯ ಆಚೆ ಇನ್ನೊಬ್ಬರ ತೋಟ, ಅದರಾಚೆ ಊರು ಇರುವಲ್ಲಿ, ಕಿಲೋಮೀಟರುಗಟ್ಟಲೆ ಹೋಗುವ ಗುಂಡಿನ ರೈಫಲ್ಲಿಗೆ ಕೆಲಸ ಏನಿದೆ? ಹಂದಿ ಹೆದರಿಸಲು ಜೋಡುನಳಿಗೆಯ ಸದ್ದು ಸಾಕು, ಮನೆಯ ಕಾವಲಿಗೂ ಅದೇ ಸಾಕು. ಮನೆಯಲ್ಲಿ ತಮ್ಮನೋ ಅಣ್ಣನ ಮಗನೋ ಲೈಸೆನ್ಸಿಗೆ ಅರ್ಹರಿದ್ದರೆ ಅವರ ಹೆಸರಿಗೆ ವರ್ಗಾವಣೆಗೆ ಅರ್ಜಿ ಹಾಕಬಹುದು. ಬಂದೂಕು ಮನೆತನದಲ್ಲೇ ಉಳಿಯುತ್ತದೆ.

ಇಲ್ಲೇ ಇನ್ನೊಂದು ಎಚ್ಚರಿಕೆ. .22 ಬಂದ ಮೇಲೆ ಹೊಲದ ಬದುವಿನಲ್ಲಿ ಡಬ್ಬ ಇಟ್ಟು ಹೊಡೆಯೋಣ ಅನ್ನಿಸುತ್ತದೆ. ಬೇಡ. ಸದ್ದು ಸಣ್ಣದು ಅಂತ ಮೋಸ ಹೋಗಬೇಡಿ. .22 ಗುಂಡು ಮೇಲ್ಮುಖವಾಗಿ ಹೋದರೆ ಎರಡು ಕಿಲೋಮೀಟರಿನ ಹತ್ತಿರ ಮುಟ್ಟಬಲ್ಲದು. ಮೆತ್ತನೆಯ, ನಿಧಾನದ ಗುಂಡಾದ್ದರಿಂದ ಕಲ್ಲು, ಗಟ್ಟಿ ನೆಲ, ಕೆರೆಯ ನೀರಿಗೂ ತಾಗಿ ಪುಟಿಯುತ್ತದೆ. ಹಾನಗಲ್ ಸೀಮೆಯಲ್ಲಿ ಕೆರೆ ಇಲ್ಲದ ಊರು ಯಾವುದು ಹೇಳಿ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸು ಗುರಿ ಅಭ್ಯಾಸದ ಲೈಸೆನ್ಸೂ ಅಲ್ಲ. ಇನ್ನು .22 ಇದೆ ಅಂತ ಮೊಲ, ಹಂದಿ, ಜಿಂಕೆ ಕಡೆ ನೋಡುವುದಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇರುವ ಜಿಲ್ಲೆಯವರು ನಾವು. ಬೆಳೆ ಹಾಳಾಗುತ್ತಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೊಂದೇ ದಾರಿ.

ಮಗಳ ವಿಷಯ. ಅವಳ ಆಸಕ್ತಿ ಕೇಳಿ ಬಹಳ ಖುಷಿಯಾಯಿತು. ನಿಮ್ಮ ಲೈಸೆನ್ಸಿನ ಬಂದೂಕನ್ನು ಅವಳು ಧಾರವಾಡಕ್ಕೆ ಒಯ್ಯುವಂತಿಲ್ಲ. ಲೈಸೆನ್ಸ್ ವ್ಯಕ್ತಿಗೆ ಕೊಡುತ್ತಾರೆ, ಕುಟುಂಬಕ್ಕಲ್ಲ. ಸಾಮಾನ್ಯವಾಗಿ 21 ತುಂಬುವ ತನಕ ಅವಳ ಹೆಸರಿಗೂ ಸಿಗುವುದಿಲ್ಲ. ಕ್ರೀಡಾ ತರಬೇತಿಗೆ ಮಾತ್ರ ಚಿಕ್ಕ ವಯಸ್ಸಿನವರಿಗೂ ನಿಯಮಗಳಲ್ಲಿ ಅವಕಾಶ ಇದೆ. ಎನ್‌ಸಿಸಿಯಲ್ಲಿ ಅವಳು 25 ಗಜದ ರೇಂಜಿನಲ್ಲಿ .22 ಹಾರಿಸಿರುತ್ತಾಳೆ, ಅಥವಾ ಮುಂದೆ ಹಾರಿಸುತ್ತಾಳೆ. ಆ ಐದು ಗುಂಡಿನ ಗ್ರೂಪಿಂಗ್ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ಬಿಡಿ ಗುಂಡು ನಡುವಿಗೆ ಬಿದ್ದದ್ದಕ್ಕಿಂತ ಐದೂ ಒಂದೇ ಕಡೆ ಬಿದ್ದದ್ದು ಹೆಚ್ಚಿನ ಮಾತು. ಸೈಟ್ ತಿರುಗಿಸಿ ಗ್ರೂಪನ್ನು ನಡುವಿಗೆ ತರಬಹುದು, ಚದುರಿದ್ದನ್ನು ಸೈಟ್ ಕೂಡಿಸಲಾರದು.

ಅವಳಿಗೆ ನಾನು ಮೊದಲು ಹೇಳುವುದು 10 ಮೀಟರ್ ಏರ್ ರೈಫಲ್. ಬೋರ್ 4.5 ಮಿಲಿಮೀಟರ್ ಅಂದರೆ .177 ಮೀರದ, ಶಕ್ತಿ 20 ಜೌಲ್ ದಾಟದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಿಲ್ಲ. ಕೊಳ್ಳುವಾಗ ಗುರುತಿನ ಚೀಟಿ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ಇದನ್ನು ಕಲಿಸುವವರು ಇದ್ದಾರೆ, ಧಾರವಾಡದಿಂದ ವಾರದ ಕೊನೆಗೆ ಹೋಗಿ ಬರಬಹುದು. ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರಿನದು. ಅದನ್ನು ಹೊಡೆಯಲು ಕಲಿತ ಕೈಗೆ .22 ಬಹಳ ಸಲೀಸು. ರಾಜ್ಯ ಮಟ್ಟದಲ್ಲಿ ಅಂಕ ಬಂದರೆ ಮುಂದೆ ಜಿ.ವಿ. ಮಾವಳಂಕರ್ ಅನ್ನುವ ಅಖಿಲ ಭಾರತ ಅರ್ಹತಾ ಸ್ಪರ್ಧೆ, ಅಲ್ಲಿಂದ ರಾಷ್ಟ್ರೀಯ ಚಾಂಪಿಯನ್‌ಶಿಪ್. ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೋದವರಿಗೆ ಸ್ವಂತ ರೈಫಲ್, ಹೆಚ್ಚಿನ ತೋಟಾ ಎಲ್ಲದಕ್ಕೂ ಕ್ರೀಡಾಪಟುಗಳ ನಿಯಮಗಳಲ್ಲಿ ದಾರಿ ಇದೆ.

ಕೊನೆಗೆ ಕೊಳ್ಳುವ ದಿನ ಬಂದರೆ ಏನು ನೋಡಬೇಕು? ನಿಮಗೆ ಬೋಲ್ಟ್ ಆಕ್ಷನ್ .22 ಸಾಕು. ಹೊಸದು ಬೇಕಾದರೆ ಸರ್ಕಾರಿ ಕಾರ್ಖಾನೆಯ ಸ್ಪೋರ್ಟಿಂಗ್ ರೈಫಲ್ ಕೇಳಿ. ಹಳೆಯದರಲ್ಲಿ, 1980ರ ದಶಕದಲ್ಲಿ ಆಮದು ನಿಲ್ಲುವ ಮೊದಲು ಬಂದ ಝೆಕೊಸ್ಲೊವಾಕಿಯದ ಬ್ರ್ನೋ ರೈಫಲ್ಲುಗಳು ಈಗಲೂ ಡೀಲರುಗಳ ಹತ್ತಿರ ಕಾಣಿಸುತ್ತವೆ. ಚೆನ್ನಾಗಿ ಇಟ್ಟಿದ್ದ ಬ್ರ್ನೋ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ಹಳೆಯದಾದರೆ ಹೊರಗಿನ ಪಾಲಿಶ್ ನೋಡಬೇಡಿ, ನಳಿಗೆಯ ಬಾಯಿ ನೋಡಿ. .22ರ ಮೆತ್ತನೆಯ ಗುಂಡು ನಳಿಗೆಯನ್ನು ಸವೆಸುವುದು ಬಹಳ ಕಡಿಮೆ. ಹಾಳು ಮಾಡುವುದು ಬಾಯಿಯ ಕಡೆಯಿಂದ ಸರಳು ತೂರಿಸಿ ಉಜ್ಜುವವರು. ಬಾಯಿಯ ಅಂಚು ಒಂದು ಕಡೆ ಸವೆದಿದ್ದರೆ ಬಿಡಿ. ಬೋಲ್ಟ್ ತೆಗೆಸಿ, ಹಿಂದಿನಿಂದ ಬೆಳಕಿಗೆ ಹಿಡಿದು ಒಳಗೆ ನೋಡಿ. ಗೀರುಗಳು ಚೂಪಾಗಿರಬೇಕು, ಕಪ್ಪು ಉಂಗುರ ಕಂಡರೆ ಅಲ್ಲಿ ಒಮ್ಮೆ ಗುಂಡು ಸಿಕ್ಕಿ ನಳಿಗೆ ಉಬ್ಬಿರಬಹುದು. ಚಾಂಬರಿನ ಅಂಚಿನಲ್ಲಿ ಪಿನ್ ಜಜ್ಜಿದ ಗುರುತಿದ್ದರೆ ಹಿಂದಿನವರು ಖಾಲಿ ಹೊಡೆದಿದ್ದಾರೆ, ತೋಟಾ ಒಳಗೆ ಹೋಗುವಾಗ, ಬರುವಾಗ ತೊಡಕುತ್ತದೆ. ರೈಫಲ್ಲಿನ ನಂಬರ್ ಮತ್ತು ಕಾಗದದ ನಂಬರ್ ಅಂಕಿ ಅಂಕಿಯಾಗಿ ತಾಳೆ ನೋಡಿ.

ತೋಟಾ ವಿಷಯದಲ್ಲಿ ಒಂದು ವಿಚಿತ್ರ ಇದೆ. ಪ್ರತಿ .22 ರೈಫಲ್ಲಿಗೂ ತನ್ನದೇ ಇಷ್ಟ ಇರುತ್ತದೆ. ಒಂದು ಬ್ರ್ಯಾಂಡಿನಲ್ಲಿ ಚದುರಿಸುವ ರೈಫಲ್ ಇನ್ನೊಂದರಲ್ಲಿ ಒಂದೇ ತೂತು ಮಾಡುತ್ತದೆ. ಸಿಗುವ ಎರಡು ಮೂರು ಬಗೆಯನ್ನು ಒಂದೊಂದು ಪೆಟ್ಟಿಗೆ ತಂದು, ಮೂಟೆಯ ಮೇಲೆ ಆನಿಸಿ, ಐದೈದು ಗುಂಡಿನ ಗ್ರೂಪ್ ಹೊಡೆದು ನೋಡಿ. ಹೆಚ್ಚು ವೇಗದ ತೋಟಾಗಿಂತ ಸ್ಟ್ಯಾಂಡರ್ಡ್ ವೇಗದ್ದೇ ಬಹಳ ಸಲ ಚೆನ್ನಾಗಿ ಕೂರುತ್ತದೆ. ಸೈಟನ್ನು 50 ಗಜಕ್ಕೆ ಹೊಂದಿಸಿಕೊಳ್ಳಿ. ಹಾಗೆ ಹೊಂದಿಸಿದ ರೈಫಲ್ 100 ಗಜದಲ್ಲಿ ಸುಮಾರು ಆರೇಳು ಇಂಚು ಕೆಳಗೆ ಹೊಡೆಯುತ್ತದೆ, ಅದು ರೈಫಲ್ಲಿನ ದೋಷವಲ್ಲ. ಯಾವ ತೋಟಾ ಒಪ್ಪಿತು ಅನ್ನುವುದನ್ನು ದಿನಾಂಕದ ಸಮೇತ ಒಂದು ವಹಿಯಲ್ಲಿ ಬರೆದಿಡಿ. ಲೈಸೆನ್ಸಿನಲ್ಲಿ ಬರೆದಷ್ಟೇ ತೋಟಾ ಕೊಳ್ಳಬಹುದು, ಆದ್ದರಿಂದ ಪ್ರತಿ ಪೆಟ್ಟಿಗೆಯ ಲೆಕ್ಕವೂ ಅದೇ ವಹಿಯಲ್ಲಿರಲಿ. ನವೀಕರಣಕ್ಕೆ ಹೋದಾಗ ಕೇಳಿದರೆ ತೋರಿಸಲು ಕೈಯಲ್ಲಿ ಇರುತ್ತದೆ.